ಕಬ್ಬಿಣದ ಔಷಧಿಗೆ ಐವತ್ತು ವರ್ಷ ದಾಟಿತು

ಮಕ್ಕಳ ರಕ್ತಹೀನತೆಗೆ ಸರ್ಕಾರದ ಔಷಧಿ ಇತ್ತೀಚೆಗೆ ಬಂದದ್ದು ಎಂದೇ ನಾವು ತಿಳಿದಿದ್ದೆವು. ಹಾಗಲ್ಲ. 1970ರಲ್ಲೇ ಕೇಂದ್ರ ಸರ್ಕಾರ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕಬ್ಬಿಣಾಂಶ ಕೊಡುವ ಯೋಜನೆ ತಂದಿತ್ತು. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಬಂತು.

ಆದರೂ ಕಾಯಿಲೆ ಇಳಿಯಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ಶೇ 60.9. 2019-20ರಲ್ಲಿ ಶೇ 65.5.

ಕಾರಣ ಹಲವು. ತಾಯಿಗೇ ರಕ್ತ ಕಡಿಮೆ, ಆರು ತಿಂಗಳಾದ ಮೇಲೂ ಮಗುವಿಗೆ ಬರೀ ಹಾಲು, ಊಟದ ಜೊತೆ ಟೀ, ಹೊಟ್ಟೆಯಲ್ಲಿ ಜಂತುಹುಳು. ಇನ್ನೊಂದು ನಮ್ಮ ಮನೆಗಳಲ್ಲೇ ಇದೆ. ಸಿರಪ್ ಕುಡಿದ ಮಗುವಿನ ಮಲ ಕಪ್ಪಾಗುತ್ತದೆ. ನಾವು ಹೆದರಿ ಬಾಟಲಿ ಎತ್ತಿಡುತ್ತೇವೆ. ಕಬ್ಬಿಣಾಂಶದಿಂದ ಹಾಗಾಗುವುದು ಸಹಜ, ಅಪಾಯವಲ್ಲ. ಈ ವಯಸ್ಸಿಗೆ ಸರ್ಕಾರ ಹೇಳಿರುವುದು ವಾರಕ್ಕೆ ಎರಡು ಸಲ 1 ಮಿ.ಲೀ. ಮಾತ್ರ. ಮಗುವಿಗೆ ಜ್ವರವೋ ಬೇರೆ ಕಾಯಿಲೆಯೋ ಇದ್ದರೆ ಮೊದಲು ಆಶಾ ಅಕ್ಕನನ್ನು ಕೇಳಿ.

ಬಾಟಲಿ ಬಾರದಿದ್ದರೆ ಅಂಗನವಾಡಿಗೆ ಹೋಗಿ ಕೇಳೋಣ. ಬಂದಿದ್ದರೆ, ಗೂಡಿನಿಂದ ಇಳಿಸಿ ಮಗುವಿನ ಬಾಯಿಗೆ ಹಾಕುವ ಕೆಲಸ ನಮ್ಮದೇ.