ಅತ್ತಿಯವರ ಪಾಟ್ಲಿ, ಒಂದ ಗುಂಟೆ ಹೊಲ

ಈ ಸಲ ದೀಪಾವಳಿಗೆ ಮನಿ ಸ್ವಚ್ಛ ಮಾಡಬೇಕಾದ್ರ ನಮ್ಮ ಅತ್ತಿಯವರ ಟ್ರಂಕು ಕೆಳಗಿಳಿಸಿದೆ. ಎರಡು ಇಳಕಲ್ ಸೀರಿ, ಒಂದು ಕುಂಕುಮದ ಕರಡಿಗಿ, ತಳದಾಗ ಪ್ಲಾಸ್ಟಿಕ್ ಚೀಲದಾಗ ಸುತ್ತಿಟ್ಟ ಒಂದು ಉತಾರ. ಒಂದ ಸರ್ವೇ ನಂಬರಿನ ಮ್ಯಾಲ ಹದಿನೆಂಟು ಮಂದಿ ಹೆಸರು. ಹನ್ನೊಂದನೇದು ಅತ್ತಿಯವರದು. ಹೆಸರಿನ ಮುಂದ ಒಂದು ಗುಂಟೆ.

ಈ ಒಂದು ಗುಂಟೆ ಕಥಿ ನಮ್ಮ ಓಣಿ ಅಕ್ಕಾರಿಗೆಲ್ಲ ಅರ್ಧಮರ್ಧ ಗೊತ್ತೈತಿ. "ಪಾಟ್ಲಿ ಮಾರಿ ಜಾಗಾ ತಗೊಂಡ್ರು, ಮನಿ ಮಾತ್ರ ಕಟ್ಟಲಿಲ್ಲ" ಅಂತಾರ. ಯಾಕ ಕಟ್ಟಲಿಲ್ಲ ಅಂತ ಕೇಳಿದ್ರ ಬರೇ ನಸೀಬ ಅಂತಾರ. ನಸೀಬ ಅಲ್ಲರಿ. ಅದರ ಹಿಂದ ಹತ್ತಿರ ಹತ್ತಿರ ಇನ್ನೂರು ವರ್ಷದ ಇತಿಹಾಸ ಐತಿ. ಕಾಗದ ಮುಂದಿಟ್ಟುಕೊಂಡು, ತಿಳದವರನ್ನ ಕೇಳಿ, ನನಗ ತಿಳದಷ್ಟು ಬರೀತೀನಿ. ಊರ ಅಂಚಿನಾಗ ಜಾಗಾ ನೋಡಾಕ ಹತ್ತಿದವರು ನಿಮ್ಮೊಳಗ ಭಾಳ ಮಂದಿ ಅದೀರಿ, ಉಪಯೋಗ ಆದೀತು.

ಮೊದಲು ಗುಂಟೆ ಅಂದ್ರೇನು ನೋಡೋಣು. ಧಾರವಾಡ ಸೀಮಿ 1818ರ ಹೊತ್ತಿಗೆ ಪೇಶ್ವೆಯವರ ಕೈಯಿಂದ ಇಂಗ್ಲಿಷರ ಕೈಗೆ ಹೋತು, ಮುಂಬೈ ಸರಕಾರಕ್ಕ ಸೇರಿತು. ಆ ಸರಕಾರದ ಗೋಲ್ಡ್‌ಸ್ಮಿಡ್, ವಿಂಗೇಟ್ ಅನ್ನೋ ಇಬ್ಬರು ಅಧಿಕಾರಿಗಳು ಪುಣೆ ಕಡೆ ಇಂದಾಪುರದಾಗ 1836ರಾಗ ಹೊಸಾ ಅಳತಿ ಸುರು ಮಾಡಿದ್ರು. 1840ರ ದಶಕದಾಗ ಅದು ನಮ್ಮ ಸೀಮಿಗೂ ಬಂತು. ಅವರ ಕೈಯಾಗ ಇದ್ದದ್ದು 33 ಫೂಟಿನ ಕಬ್ಬಿಣದ ಸರಪಳಿ. ಆ ಸರಪಳಿಗೆ ಹದಿನಾರು ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದ್ರ ಒಂದು ಗುಂಟೆ. ಅಂದ್ರ 1,089 ಚದರ ಫೂಟು. ಇಂಥಾ ನಲವತ್ತು ಗುಂಟೆ ಆದ್ರ ಒಂದು ಎಕರೆ. ಇವತ್ತು ದಲಾಲ "ಮೂವತ್ಮೂರು ಬೈ ಮೂವತ್ಮೂರು ಐತ್ರಿ ಅಕ್ಕಾರ" ಅಂತಾನಲ್ಲ, ಅದು ಆ ಸರಪಳಿ ಉದ್ದ.

ಆದ್ರ ಅವರು ಅಳದದ್ದು ಮನಿ ಕಟ್ಟಲಿಕ್ಕೆ ಅಲ್ಲ, ಕಂದಾಯ ಹಾಕಲಿಕ್ಕೆ. ಮಣ್ಣು ಅಗದು ಆಳ ನೋಡಿದ್ರು, ಎರಿಯೋ ಮಸಬೋ ನೋಡಿದ್ರು, ಅದರ ಮ್ಯಾಲ ದರ್ಜೆ ಹಚ್ಚಿ ಮೂವತ್ತು ವರ್ಷಕ್ಕ ಕಂದಾಯ ಗೊತ್ತು ಮಾಡಿದ್ರು. ಮೂಲಿಗೆ ಬಾಂದುಗಲ್ಲು ನೆಟ್ಟು ನಂಬರು ಕೊಟ್ಟರು. ಮಂದಿ ಇರೋ ಜಾಗಾ ಬ್ಯಾರೆ, ಅದು ಗಾಂವಠಾಣ. ಬೆಳಿ ಬೆಳಿಯೋ ಜಾಗಾ ಬ್ಯಾರೆ, ಅದು ಹೊಲ. ಹೊಲದಾಗ ಮನಿ ಕಟ್ಟಬೇಕಂದ್ರ ಕಲೆಕ್ಟರ್ ಪರವಾನಗಿ ಬೇಕು ಅಂತ 1879ರ ಮುಂಬೈ ಕಂದಾಯ ಕಾಯ್ದೆ ಹೇಳಿತು. 1956ರಾಗ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ, 1964ರಾಗ ಹೊಸಾ ಭೂಕಂದಾಯ ಕಾಯ್ದೆ ಬಂತು. ಅದರ 95ನೇ ಕಲಮಿನಾಗೂ ಅದ ಮಾತು ಉಳೀತು. ಹೊಲ ಹೊಲ ಅಲ್ಲ ಅಂತ ಆಗೋ ಆ ಹುಕುಮಿಗೆ ನಾವು ಇವತ್ತಿಗೂ "ಎನ್.ಎ." ಅಂತೀವಿ.

ಇನ್ನ ಅತ್ತಿಯವರ ಹೊಲದ್ದು. ನಾಕು ಎಕರೆದ ಆ ಹೊಲ ಧಾರವಾಡ ಪ್ಯಾಟ್ಯಾಗ ಇರೋ ಒಂದು ಮನೆತನದವರ ಹೆಸರಿನಾಗ ಇತ್ತು. ಉಳ್ತಿದ್ದವರು ಹಳ್ಳ್ಯಾಗಿನ ಒಂದು ಒಕ್ಕಲ ಮನಿಯವರು, ಲಾವಣಿ ಮ್ಯಾಲ. 1974ರ ಮಾರ್ಚ್ 1ಕ್ಕ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿ ಆತು. ಲಾವಣಿ ಹೊಲ ಎಲ್ಲಾ ಸರಕಾರಕ್ಕ ಸೇರಿದ್ವು, ಉಳಾವರು ನಮೂನೆ 7ರಾಗ ಅರ್ಜಿ ಕೊಟ್ಟರು. ಈ ಮನಿಯವರಿಗೆ 1981ರಾಗ ನ್ಯಾಯಮಂಡಳಿ ಹುಕುಮಾತು, ನಮೂನೆ 10 ಬಂತು. ಆದ್ರ ಹಂಗ ಬಂದ ಹೊಲ ಹದಿನೈದು ವರ್ಷ ಮಾರೋಹಂಗಿಲ್ಲ ಅಂತ ಕಟ್ಟಳಿ.

ಹದಿನೈದು ವರ್ಷ ಮುಗಿಯೋದಕ್ಕೂ ಊರು ಹೊಲದ ಹತ್ರ ಬರೋದಕ್ಕೂ ಸರಿ ಹೋತು. ಆ ಮನ್ಯಾಗ ಮೂರು ಹೆಣ್ಣಮಕ್ಕಳ ಲಗ್ನ, ಎರಡು ಬೋರು ಕೊರಸಿ ನೀರು ಸಿಗದ ಆದ ಸಾಲ. 1997ರಾಗ ಹೊಲದ ಒಂದು ಬದಿ ಗುಂಟೆ ಗುಂಟೆ ಮಾಡಿ ಮಾರಿದ್ರು. ತಗೊಂಡವರಾರು? ನರ್ಸು, ಸಾಲಿ ಮಾಸ್ತರು, ಬಸ್ ಕಂಡಕ್ಟರು, ನಮ್ಮ ಮಾವನವರಂಥ ಸಿಪಾಯಿಗಳು. ಎನ್.ಎ. ಆದ ಪ್ಲಾಟು ಅವರ ಕೈಗೆ ಎಟಕ್ತಿರಲಿಲ್ಲ. ಆಗ ಒಕ್ಕಲುತನದವರಲ್ಲದವರು ಹೊಲ ತಗೊಳ್ಳೋಹಂಗ ಇರಲಿಲ್ಲ, ಆ ನಿರ್ಬಂಧ ತಗದದ್ದು 2020ರಾಗ. ನಮ್ಮ ಮನಿತನಕ್ಕ ಹಳ್ಳ್ಯಾಗ ಎರಡು ಎಕರೆ ಇತ್ತು, ಅದರ ಉತಾರ ತೋರಿಸಿದ್ರು. ಅತ್ತಿಯವರು ತವರಿನ ನಾಕು ತೊಲಿ ಪಾಟ್ಲಿ ಬಿಚ್ಚಿ ಕೊಟ್ಟು ಒಂದ ಮಾತು ಹೇಳಿದ್ರಂತ: "ಬಂಗಾರ ನಂದು, ಹೆಸರೂ ನಂದ ಇರಲಿ."

ಖರೀದಿ ಆತು, ರಜಿಸ್ಟ್ರೂ ಆತು. ಮನಿ ಕಟ್ಟಾಕ ಪರವಾನಗಿ ಕೇಳಿದಾಗ ಇಲ್ಲ ಅಂದ್ರು. ಕಾಗದದಾಗ ಅದು ಹೊಲ. ಪ್ಲಾಟಿಗೆ ರಸ್ತೆ ಬಿಟ್ಟಿಲ್ಲ, ಗಟಾರ ಇಲ್ಲ, ನಕಾಶೆಗೆ ಮಂಜೂರಿ ಇಲ್ಲ. ಬ್ಯಾಂಕಿನವರು ಸಾಲ ಕೊಡಲಿಲ್ಲ. ಹದಿನೆಂಟು ಮಂದಿ ಕೂಡಿ ಎನ್.ಎ. ಮಾಡಸೋಣು ಅಂದ್ರ ಒಬ್ಬರು ಸತ್ತಿದ್ರು, ಇಬ್ಬರು ಊರು ಬಿಟ್ಟಿದ್ರು, ಉಳದವರು ರಸ್ತೆಕ್ಕ ತಮ್ಮ ಜಾಗಾ ಬಿಟ್ಟುಕೊಡಾಕ ತಯಾರಿರಲಿಲ್ಲ. ಮಾವನವರು ಏಳು ವರ್ಷ ಕಚೇರಿ ಅಡ್ಡಾಡಿ ಸುಮ್ಮನಾದ್ರು.

ಅತ್ತಿಯವರು ಸುಮ್ಮನಾಗಲಿಲ್ಲ. ಎಳ್ಳಮಾಸಿಗೆ ರೊಟ್ಟಿ, ಎಣಗಾಯಿ, ಕಡುಬು ಕಟ್ಟಿಕೊಂಡು ಹೋಗಿ ಆ ಒಂದು ಗುಂಟ್ಯಾಗ ಚರಗ ಚೆಲ್ಲಿ ಬರ್ತಿದ್ರು. ನಾನು ಹೊಸದಾಗಿ ನಡೀಲಿಕ್ಕೆ ಬಂದಾಗ ನಗು ಬಂದಿತ್ತು. "ಅತ್ತಿ, ಪ್ಲಾಟಿಗೆ ಯಾರರೆ ಚರಗ ಚೆಲ್ತಾರೇನ್ರಿ?" ಅಂದೆ. "ಸರಕಾರ ಹೊಲ ಅಂತೈತಿ. ಹೊಲಕ್ಕ ಮಾಡೋದು ಮಾಡಬೇಕಲ್ಲವಾ" ಅಂದ್ರು.

ಅದರ ಸುತ್ತಲ ಜಗತ್ತು ಬದಲಾತು. 2008ರಾಗ ಧಾರವಾಡಕ್ಕ ಹೈಕೋರ್ಟ್ ಪೀಠ ಬಂತು, 2016ರಾಗ ಐಐಟಿ ಬಂತು, 2018ರಾಗ ಹುಬ್ಬಳ್ಳಿ-ಧಾರವಾಡ ನಡುವ ಚಿಗರಿ ಬಸ್ಸು ಓಡಾಕ ಹತ್ತಿದ್ವು. ಬಾಜೂ ಹೊಲದಾಗ ಎನ್.ಎ. ಆದ ಲೇಔಟಿಗೆ ಡಾಂಬರು, ದೀಪದ ಕಂಬ. ನಮ್ಮ ಗುಂಟ್ಯಾಗ ಮಾತ್ರ ಜಾಲಿಕಂಟಿ.

ಅತ್ತಿಯವರು ಹೋಗಿ ಮೂರು ವರ್ಷಾತು, ಮಾವನವರು ಅವರಕ್ಕಿಂತ ಮೊದಲ ಹೋಗಿದ್ರು. ಉತಾರ ಸಿಕ್ಕ ಮರುದಿನ ನಮ್ಮ ಮನಿಯವರು, ಮೈದುನ ಕೂತು, ದಲಾಲ ಹೇಳಿದ ರೇಟಿಗೆ ಕೊಟ್ಟುಬಿಡೋಣು ಅಂದ್ರು. ಮೊದಲು ವಾರಸಾ ಹಚ್ಚಬೇಕು, ಇಬ್ಬರ ಹೆಸರು ಸಾಕು ಅಂದ್ರು. ನಮ್ಮ ನಾದಿನಿ ಗದಗಿನಾಗ ಇರ್ತಾಳ. "ಆಕಿಗೆ ಲಗ್ನದಾಗ ಕೊಟ್ಟೇವಿ, ಮತ್ತ ಆಕಿನ್ನ ಯಾಕ ಕರಸೋದು?"

ನಾನು ಸೊಸಿ. ಇಂಥಾ ಮಾತಿನಾಗ ಸೊಸಿ ಬಾಯಿ ಹಾಕಬಾರದು ಅಂತಾರ. ಆದ್ರೂ ಹಾಕಿದೆ. 1956ರ ಹಿಂದೂ ವಾರಸಾ ಕಾಯ್ದೆ ಪ್ರಕಾರ ಹೆಣ್ಣಮಗಳು ತಾನು ಗಳಿಸಿದ ಆಸ್ತಿ ಪೂರಾ ಆಕಿದು. ಆಕಿ ಮೃತ್ಯುಪತ್ರ ಬರೀದ ಹೋದ್ರ ಗಂಡ, ಗಂಡಮಕ್ಕಳು, ಹೆಣ್ಣಮಕ್ಕಳು ಎಲ್ಲಾರಿಗೂ ಸಮ ಪಾಲು. ಇದು ಹಿರಿಯರ ಆಸ್ತಿ ಅಲ್ಲ, ಪಾಟ್ಲಿ ಆಸ್ತಿ. "ಆ ಪಾಟ್ಲಿ ನಿಮ್ಮ ಕೈಯಾಗ ಬರ್ತಿದ್ವೇನು, ಅಕ್ಕನ ಕೈಯಾಗ ಬರ್ತಿದ್ವೇನು?" ಅಂತ ಮೈದುನಗ ಕೇಳಿದೆ. ಎರಡು ದಿನ ಮನ್ಯಾಗ ಮಾತಿಲ್ಲ. ಮೂರನೇ ದಿನ ನಮ್ಮ ಮನಿಯವರ ಫೋನು ಹಚ್ಚಿ ತಂಗಿನ್ನ ಕರದ್ರು. ವಂಶಾವಳಿ ಮಾಡಿಸಿ, ಮರಣದ ದಾಖಲಿ ಹಚ್ಚಿ ಅರ್ಜಿ ಕೊಟ್ಟೇವಿ, ಮೂರೂ ಹೆಸರಿನಾಗ. ಮಾರೋದೋ ಇಡೋದೋ ಆಮ್ಯಾಲ ಮೂವರೂ ಕೂಡಿ ಹೇಳಲಿ.

ಜಾಗಾ ನೋಡಾವರಿಗೆ ನನ್ನ ಮಾತು ಇಷ್ಟ. ಜಾಗಾ ನೋಡೋಕಿಂತ ಮೊದಲು ಕಾಗದ ನೋಡ್ರಿ. ಎನ್.ಎ. ಹುಕುಮು, ಪ್ರಾಧಿಕಾರದ ಮಂಜೂರಿ ಇರೋ ನಕಾಶೆ, ನಿಮ್ಮ ಪ್ಲಾಟಿನದ ಬ್ಯಾರೆ ಉತಾರ, ಮೂವತ್ತು ವರ್ಷದ ಇಸಿ, ಇಷ್ಟೂ ಕೇಳ್ರಿ. "ಮುಂದ ಆಗತೈತ್ರಿ" ಅಂದ್ರ ಆದಮ್ಯಾಲ ಬರ್ತೀವಿ ಅನ್ರಿ. ಹೊಲ ಮಾರಿದವರ ಮನಿ ಹೆಣ್ಣಮಕ್ಕಳೂ ಸಹಿ ಮಾಡ್ಯಾರೇನು ನೋಡ್ರಿ. ನಿಮ್ಮ ಬಂಗಾರ ಹೋಗಿದ್ರ ನಿಮ್ಮ ಹೆಸರು ಬರಸ್ರಿ.

ನಮ್ಮ ಅತ್ತಿಯವರ ರೇಶನ್ ಕಾರ್ಡು, ಮತದಾರ ಚೀಟಿ ಎಲ್ಲಾ ಹುಡುಕಿ ನೋಡಿದೆ. ಎಲ್ಲಾ ಕಡೆ ಇಂಥವರ ಹೆಂಡತಿ ಅಂತ ಐತಿ. ಮಾಲಕರು ಅಂತ ಅವರ ಹೆಸರಿರೋದು ಆ ಉತಾರದಾಗ ಒಂದ. ಬರೋ ಎಳ್ಳಮಾಸಿಗೆ ನಾದಿನಿ ಬರ್ತೀನಿ ಅಂದಾಳ. ಇಬ್ಬರೂ ಕೂಡಿ ಹೋಗಿ ಜಾಲಿಕಂಟಿ ಸರಿಸಿ ಚರಗ ಚೆಲ್ಲಿ ಬರ್ತೀವಿ.