ಸುಂಕದವನ ಮುಂದೆ ಸುಖದುಃಖ: ಹಿಕ್ಸ್‌ವಿಲ್‌ನಿಂದ ಒಂದು ಸೀರೆ ಮಾರುವ ಲೆಕ್ಕ

ಈ ಸಲ ಲೆಕ್ಕದಿಂದಲೇ ಶುರು ಮಾಡೋಣ. ನೀವು ಲಾಂಗ್ ಐಲ್ಯಾಂಡಿನ ಹಿಕ್ಸ್‌ವಿಲ್‌ನಲ್ಲಿದ್ದೀರಿ. ಎರಡೇ ಸಲ ಉಟ್ಟ ಒಂದು ರೇಷ್ಮೆ ಸೀರೆ ಬೀರುವಿನಲ್ಲಿದೆ. ಫೋಟೋ ತೆಗೆದು ಪಾಶ್‌ಮಾರ್ಕ್‌ನಲ್ಲಿ 60 ಡಾಲರಿಗೆ ಹಾಕಿದಿರಿ, ಮಾರಾಟವೂ ಆಯಿತು. 15 ಡಾಲರ್ ಮತ್ತು ಅದಕ್ಕಿಂತ ಮೇಲಿನ ಮಾರಾಟಕ್ಕೆ ಅಲ್ಲಿಯ ಶುಲ್ಕ 20 ಪರ್ಸೆಂಟ್. ಅಂದರೆ 12 ಡಾಲರ್ ಅವರಿಗೆ, 48 ನಿಮಗೆ. 15ಕ್ಕಿಂತ ಕಡಿಮೆಯಾದರೆ ಇಡಿಯಾಗಿ 2.95 ಡಾಲರ್. ನಾಲ್ಕು ಡಾಲರಿಗೆ ಮಗುವಿನ ಅಂಗಿ ಮಾರಿದರೆ ಕೈಗೆ ಬರೋದು ಒಂದು ಡಾಲರ್ ಚಿಲ್ಲರೆ.

ಇದು ಹೊಸ ಕಾಲದ ಸುಲಿಗೆಯೋ, ಹಳೆಯ ಕಾಲದ ಸುಂಕವೋ? ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಕನ್ನಡ ಕಲಿಯುತ್ತಿರುವವರು ಗಮನಿಸಿ: ‘ಶುಲ್ಕ’ ಸಂಸ್ಕೃತದ ಪದ, ‘ಸುಂಕ’ ಅದರದೇ ತದ್ಭವ. ಆ್ಯಪ್ ತೆಗೆದುಕೊಳ್ಳೋದನ್ನು ನಾವು ಶುಲ್ಕ ಅನ್ನುತ್ತೇವೆ, ಹಳೆಯ ಸಂತೆಯಲ್ಲಿ ಕೊಟ್ಟದ್ದನ್ನು ಸುಂಕ ಅನ್ನುತ್ತೇವೆ. ಎರಡೂ ಒಂದೇ ಮಾತು.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಹೆಜ್ಜುಂಕ’ ಎಂಬ ಪದ ಸಿಗುತ್ತದೆ. ಹಿರಿದಾದ ಸುಂಕ, ಅಂದರೆ ಸರಕಿನ ಮೇಲಿನ ದೊಡ್ಡ ತೆರಿಗೆ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ಮಾಡುತ್ತಿತ್ತು. ಇಂಥ ಸಂಘಗಳು ಒಂದು ಹೇರು ಸರಕಿಗೆ ಇಷ್ಟು ಅಂತ ದೇವಸ್ಥಾನಕ್ಕೆ ಬಿಟ್ಟುಕೊಟ್ಟ ದಾಖಲೆಗಳೂ ಇವೆ. ಸುಂಕ ಕೊಟ್ಟವನಿಗೆ ಬದಲಿಗೆ ಏನು ಸಿಗುತ್ತಿತ್ತು? ಕೊಳ್ಳುವ ಜನ ಒಂದೇ ಕಡೆ ಸೇರುವ ಜಾಗ, ಕಾವಲು, ಅಳತೆಯ ಬಗ್ಗೆ ಒಂದು ಭರವಸೆ. ಜನರನ್ನು ಒಂದೆಡೆ ಸೇರಿಸೋದಕ್ಕೆ ಯಾವಾಗಲೂ ಒಂದು ಬೆಲೆ ಇದ್ದೇ ಇತ್ತು.

ಹಿಕ್ಸ್‌ವಿಲ್ ಹುಟ್ಟಿದ್ದೂ ಹೀಗೆ ಜನರನ್ನು, ಸರಕನ್ನು ಸೇರಿಸುವವರಿಂದಲೇ. ಜೆರಿಕೋದ ಕ್ವೇಕರ್ ಬೋಧಕ ಎಲಿಯಾಸ್ ಹಿಕ್ಸ್ ಅವರ ಅಳಿಯ ವ್ಯಾಲೆಂಟೈನ್ ಹಿಕ್ಸ್ 1834ರಲ್ಲಿ ಇಲ್ಲಿ ಜಮೀನು ಕೊಂಡರು. 1837ರಲ್ಲಿ ಲಾಂಗ್ ಐಲ್ಯಾಂಡ್ ರೈಲ್‌ರೋಡ್ ಇಲ್ಲಿಗೆ ಬಂತು. ಅದೇ ಹೊತ್ತಿಗೆ ಹಿಕ್ಸ್ ಆ ಕಂಪನಿಯ ಅಧ್ಯಕ್ಷರೂ ಆದರು. ಆ ವರ್ಷದ ಆರ್ಥಿಕ ಕುಸಿತದಿಂದ ರೈಲು ಹಳಿ ಕೆಲವು ವರ್ಷ ಇಲ್ಲೇ ನಿಂತುಬಿಟ್ಟಿತು, ಹಾಗಾಗಿ ಊರು ಬೆಳೆಯಿತು. ಮುಂದೆ ಸುತ್ತಲಿನ ಹೊಲಗಳಲ್ಲಿ ಸೌತೆಕಾಯಿ, ಆಲೂಗಡ್ಡೆ ಬೆಳೆದರು, ಹೈಂಜ್ ಕಂಪನಿ ಇಲ್ಲೇ ಉಪ್ಪಿನಕಾಯಿ ಕಾರ್ಖಾನೆ ನಡೆಸಿತು. ರೈತನಿಗೆ ನ್ಯೂಯಾರ್ಕ್ ನಗರದ ಮಾರುಕಟ್ಟೆ ಬೇಕಾದರೆ ದಾರಿಯ ಬಾಡಿಗೆ ಕೊಡಲೇಬೇಕಿತ್ತು. 1941ರಲ್ಲಿ ಇಲ್ಲಿಯದೇ ಒಂದು ಆಲೂಗಡ್ಡೆ ಹೊಲದಲ್ಲಿ ಗೋಲ್ಡನ್ ನೆಮಟೋಡ್ ಎಂಬ ಬೇರುಹುಳು ಅಮೆರಿಕದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಯುದ್ಧದ ನಂತರ ಹೊಲಗಳ ಜಾಗದಲ್ಲಿ ಮನೆಗಳೆದ್ದವು. 1956ರಲ್ಲಿ ಮಿಡ್-ಐಲ್ಯಾಂಡ್ ಪ್ಲಾಜಾ ಬಂತು. ಈಗ ಐಕಿಯಾ ಇರುವ ಮಾಲ್ ಅದೇ. ಮಾಲ್‌ಗಳ ಲೆಕ್ಕವೂ ಬಹಳಷ್ಟು ಕಡೆ ಸುಂಕದ ಹಾಗೆಯೇ: ಮೂಲ ಬಾಡಿಗೆ, ಪಾರ್ಕಿಂಗ್ ಲಾಟ್ ನೋಡಿಕೊಳ್ಳೋ ಖರ್ಚಿನಲ್ಲಿ ಪಾಲು, ವ್ಯಾಪಾರ ಒಂದು ಮಟ್ಟ ದಾಟಿದರೆ ಅದರಲ್ಲೂ ಪರ್ಸೆಂಟೇಜ್.

ಆಮೇಲೆ ಮಾರುಕಟ್ಟೆ ಫೋನಿಗೆ ಬಂತು. 1995ರಲ್ಲಿ ಪಿಯರ್ ಒಮಿಡ್ಯಾರ್ ಶುರು ಮಾಡಿದ ಆಕ್ಷನ್‌ವೆಬ್, ಅಂದರೆ ಮುಂದಿನ ಇಬೇ, ಮೊದಲು ಪೂರ್ತಿ ಉಚಿತವಾಗಿತ್ತು. ಇಂಟರ್ನೆಟ್ ಕಂಪನಿ ತಿಂಗಳಿಗೆ 250 ಡಾಲರ್ ಕೇಳಿದಾಗ, 1996ರಲ್ಲಿ ಅವರು ಮಾರುವವರಿಂದ ಶುಲ್ಕ ಕೇಳಿದರು. ಜನ ಲಕೋಟೆಯಲ್ಲಿ ಚೆಕ್ಕು, ಚಿಲ್ಲರೆ ನಾಣ್ಯ ಹಾಕಿ ಕಳಿಸಿದರು. ಮೊದಲ ಸುಂಕ ಖರ್ಚು ತುಂಬಿಸೋದಕ್ಕೆ, ನಂತರದ್ದು ಲಾಭಕ್ಕೆ; ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಬ್ರೂಕ್ಲಿನ್‌ನಲ್ಲಿ 2005ರಲ್ಲಿ ಹುಟ್ಟಿದ ಎಟ್ಸಿ ಪ್ರತಿ ಮಾರಾಟಕ್ಕೆ 3.5 ಪರ್ಸೆಂಟ್ ತೆಗೆದುಕೊಳ್ಳುತ್ತಿತ್ತು. 2018ರಲ್ಲಿ ಅದು 5 ಆಯಿತು, 2022ರಲ್ಲಿ 6.5. ಆ ವರ್ಷ ಏಪ್ರಿಲ್‌ನಲ್ಲಿ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಶುಲ್ಕ ಇಳಿಯಲಿಲ್ಲ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಪೋಸ್ಟಿನಲ್ಲಿ ಕಳಿಸುವ ವಸ್ತುವಿಗೆ 5 ಪರ್ಸೆಂಟ್ ಹಿಡಿಯುತ್ತಿತ್ತು. 2024ರಲ್ಲಿ ಅದು 10ಕ್ಕೇರಿತು. ಮನೆ ಬಾಗಿಲಿಗೆ ಬಂದು ಒಯ್ಯುವವರಿಗೆ ಮಾರಿದರೆ ಮಾತ್ರ ಏನೂ ಇಲ್ಲ.

ನಮ್ಮ ಕಡೆ ಒಂದು ಗಾದೆ ಇದೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಎಟ್ಸಿಯ ಮುಷ್ಕರ ನೆನೆದಾಗ ಈ ಗಾದೆ ನೆನಪಾಗದೆ ಇರೋದಿಲ್ಲ.

ಹಾಗಾದರೆ ಸುಂಕವನ್ನು ಕೊಳ್ಳುವವನ ಮೇಲೆ ಹಾಕಿದರೆ ಆಯಿತಲ್ವಾ ಅಂತ ನೀವು ಕೇಳಬಹುದು. ಕರ್ನಾಟಕ ಇದನ್ನು ಮಾಡಿ ನೋಡಿದೆ. ಹಿಂದೆ ಮಂಡಿಗಳಲ್ಲಿ ದಲಾಲಿ, ಹಮಾಲಿ, ತೂಕದ ಖರ್ಚು, ಧರ್ಮಾದಾಯ ಅಂತ ರೈತನ ಹಣದಲ್ಲಿ ಕಡಿತವಾಗುತ್ತಿತ್ತು. ಬೆಲೆಯನ್ನೂ ಎಷ್ಟೋ ಕಡೆ ಟವೆಲ್ ಕೆಳಗೆ ಬೆರಳು ಮುಟ್ಟಿ ಗುಟ್ಟಾಗಿ ಕುದುರಿಸುತ್ತಿದ್ದರು. ಮಾರುವವನಿಗೆ ಪಕ್ಕದವನ ಬೆಲೆ ತಿಳಿಯುತ್ತಿರಲಿಲ್ಲ. ಬ್ರಿಟಿಷ್ ಇಂಡಿಯಾದ ರಾಯಲ್ ಕೃಷಿ ಆಯೋಗ 1928ರ ವರದಿಯಲ್ಲಿ ಇಂಥ ಕಡಿತಗಳನ್ನು ದಾಖಲಿಸಿ, ನಿಯಂತ್ರಿತ ಮಾರುಕಟ್ಟೆ ಬೇಕು ಅಂದಿತು. ಕರ್ನಾಟಕದ 1966ರ ಎಪಿಎಂಸಿ ಕಾಯಿದೆಯಡಿ ಮಾರುಕಟ್ಟೆ ಶುಲ್ಕ, ಕಮಿಷನ್ ಎರಡೂ ಖರೀದಿದಾರನ ಪಾಲು. ಕಾಗದದ ಮೇಲೆ ರೈತ ಮುಕ್ತ. ಆದರೆ ‘ಬಿಳಿ ಚೀಟಿ’ ಅಂದರೆ ಲೆಕ್ಕಕ್ಕೆ ಸಿಗದ ರಸೀದಿ ಬರೆದು ರೈತನಿಂದಲೇ ಕಮಿಷನ್ ಮುರಿದುಕೊಳ್ಳುವ ದೂರು ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತದೆ.

ಬಿಳಿ ಚೀಟಿ ಇಲ್ಲದಿದ್ದರೂ ಭಾರ ಪೂರ್ತಿ ಇಳಿಯೋದಿಲ್ಲ. ಕೊಳ್ಳುವವನ ಜೇಬಿನಲ್ಲಿ 60 ಇದ್ದು, ಅವನಿಗೆ 4 ಡಾಲರ್ ಶುಲ್ಕ ಬಿದ್ದರೆ, ನಿಮ್ಮ ಸೀರೆಗೆ ಅವನು ಹೇಳೋದು 56. ಪಾಶ್‌ಮಾರ್ಕ್ 2024ರ ಅಕ್ಟೋಬರ್‌ನಲ್ಲಿ ಮಾರುವವರ ಶುಲ್ಕ ಇಳಿಸಿ ಕೊಳ್ಳುವವರ ಮೇಲೆ ಹೊಸದೊಂದು ಹಾಕಿ ನೋಡಿತು. ಮಾರುವವರೇ ಗಲಾಟೆ ಎಬ್ಬಿಸಿದರು, ಅದೇ ತಿಂಗಳು ಕಂಪನಿ ಹಳೆಯ ಲೆಕ್ಕಕ್ಕೆ ಮರಳಿತು. ಸುಂಕವನ್ನು ಯಾರ ಹೆಸರಿನಲ್ಲಿ ಬರೆದಿದ್ದಾರೆ, ನಿಜಕ್ಕೂ ಯಾರು ಕೊಡುತ್ತಿದ್ದಾರೆ, ಇವೆರಡೂ ಬೇರೆ ಬೇರೆ ಪ್ರಶ್ನೆಗಳು.

ಇಲ್ಲಿಯವರೆಗಿನದ್ದು ಕಣ್ಣಿಗೆ ಕಾಣುವ ಸುಂಕ. ಕಾಣದ ಸುಂಕವೊಂದಿದೆ, ಅದೇ ಹೆಚ್ಚು ಭಾರ. ‘ಸೋಷಿಯಲ್’ ಮಾರುಕಟ್ಟೆ ಅಂದರೆ ಏನು? ಸಂತೆಗೆ ಜನರನ್ನು ಕರೆಯುವ ಕೆಲಸವೂ ನಿಮ್ಮದೇ. ಪಾಶ್‌ಮಾರ್ಕ್‌ನಲ್ಲಿ ನಿಮ್ಮ ಬಟ್ಟೆಗಳನ್ನು ಪದೇ ಪದೇ ಶೇರ್ ಮಾಡಬೇಕು, ಬೇರೆಯವರದ್ದನ್ನೂ ಮಾಡಬೇಕು, ಆಫರ್ ಕಳಿಸಬೇಕು. ಫೇಸ್‌ಬುಕ್‌ನಲ್ಲಿ ‘ಇನ್ನೂ ಇದೆಯಾ?’ ಅಂತ ಕೇಳಿ ಮಾಯವಾಗುವವರಿಗೆಲ್ಲ ಉತ್ತರ ಕೊಡಬೇಕು. ಸಂತೆಯಲ್ಲಿ ಕೂಗುವವನಿಗೆ ಗಂಟಲು ನೋವು. ಇಲ್ಲಿ ಹೋಗೋದು ನಿಮ್ಮ ಸಂಜೆ.

ನನ್ನ ಕೆಲಸ ಡೇಟಾದ್ದು, ಹಾಗಾಗಿ ಇದನ್ನೂ ಅಂಕಿಗೆ ಇಳಿಸೋಣ. ಫೋಟೋ, ಅಳತೆ, ಚಾಟ್, ಪ್ಯಾಕಿಂಗ್, ಪೋಸ್ಟ್ ಆಫೀಸು ಸೇರಿ ಎರಡು ಗಂಟೆ ಅಂತಿಟ್ಟುಕೊಳ್ಳಿ. ಲಾಂಗ್ ಐಲ್ಯಾಂಡಿನಲ್ಲಿ 2025ರ ಕನಿಷ್ಠ ವೇತನ ಗಂಟೆಗೆ 16.50 ಡಾಲರ್. ಎರಡು ಗಂಟೆಗೆ 33. ಕೈಗೆ ಬಂದ 48ರಲ್ಲಿ ಉಳಿದದ್ದು 15. ಚೌಕಾಸಿಯಲ್ಲಿ ನೀವು 45ಕ್ಕೆ ಒಪ್ಪಿದ್ದರೆ? ಶುಲ್ಕ 9 ಕಳೆದು 36, ಸಮಯ ಕಳೆದು 3. ಸೀರೆಯ ಬೆಲೆ ಮೂರು ಡಾಲರ್!

ತೆರಿಗೆಯ ಭಯವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. 2021ರ ಕಾನೂನು 600 ಡಾಲರ್ ದಾಟಿದವರಿಗೆಲ್ಲ 1099-ಕೆ ಫಾರ್ಮ್ ಬರುತ್ತದೆ ಅಂದಾಗ ಎಷ್ಟೋ ಜನ ಹೆದರಿದರು. ಅದನ್ನು ಮುಂದೂಡುತ್ತಲೇ ಬಂದು, 2025ರ ಜುಲೈನಲ್ಲಿ ಹಳೆಯ ಮಿತಿಗೇ ಮರಳಿಸಿದರು: 20,000 ಡಾಲರ್ ಮತ್ತು 200 ಮಾರಾಟ, ಎರಡನ್ನೂ ದಾಟಿದರೆ ಮಾತ್ರ ಫಾರ್ಮ್. ನಿಮ್ಮದೇ ಹಳೆಯ ಸೀರೆಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ಲಾಭವೇ ಇಲ್ಲ, ಆದಾಯ ತೆರಿಗೆಯೂ ಇಲ್ಲ.

ಹಾಗಂತ ಮಾರಲೇಬೇಡಿ ಅಂತ ಅಲ್ಲ. ದೂರದ ಊರಿನಲ್ಲಿ ಒಬ್ಬರೇ ಗಿರಾಕಿ ಇರುವ ವಸ್ತುವಿಗೆ 20 ಪರ್ಸೆಂಟ್ ನ್ಯಾಯವಾದ ಸುಂಕ. ಅವರನ್ನು ಹುಡುಕೋದು ನಮ್ಮಿಂದ ಆಗದ ಕೆಲಸ. ಮೇಜು, ತೊಟ್ಟಿಲು, ಸೈಕಲ್ಲಿಗೆ ಮನೆ ಬಾಗಿಲ ವ್ಯಾಪಾರ ಸಾಕು. ರೇಷ್ಮೆ ಸೀರೆಯ ಗಿರಾಕಿ ಬಹುಶಃ ನಿಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲೇ ಇದ್ದಾರೆ, ಅಲ್ಲಿ ಸುಂಕದ ಕಟ್ಟೆ ಇಲ್ಲ. ಮೂರು ಡಾಲರಿಗೆ ಎರಡು ಗಂಟೆ ಹೋಗುವ ಹಾಗಿದ್ದರೆ, ಆ ಸೀರೆಯನ್ನು ಯಾರಿಗಾದರೂ ಪ್ರೀತಿಯಿಂದ ಕೊಟ್ಟುಬಿಡಿ. ಉಟ್ಟು ಬಂದು ತೋರಿಸಿದರೆ ಸಾಕು ಅನ್ನಿ.