ಟ್ರ್ಯಾಕ್ಟರಿನ ಬೆನ್ನೇರಿದ ಬ್ಯಾಕ್‌ಹೋ

"ಮೇಷ್ಟ್ರೇ, ನನ್ನ ಸಣ್ಣ ಟ್ರ್ಯಾಕ್ಟರಿಗೆ ಮಣ್ಣು ಅಗೆಯುವ ಬ್ಯಾಕ್‌ಹೋ ಹಾಕಿಸಲೇ?" ಎಂದು ತೋಟ ಮಾಡಿಕೊಂಡಿರುವ ಹಳೆಯ ಶಿಷ್ಯನೊಬ್ಬ ಕೇಳಿದ. ಚರಿತ್ರೆ ಕಲಿಸಿದವನು ನಾನು, ಚರಿತ್ರೆಯಿಂದಲೇ ಉತ್ತರಿಸಿದೆ.

ಇಂಥ ಯಂತ್ರಗಳನ್ನೆಲ್ಲ ನಾವು 'ಜೆಸಿಬಿ' ಎನ್ನುತ್ತೇವೆ. ಅದು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರ ಹೆಸರಿನ ಮೊದಲಕ್ಷರಗಳು. ಅವರ ಬ್ಯಾಕ್‌ಹೋ ಯಂತ್ರ ಬಂದದ್ದು 1953ರಲ್ಲಿ. ಅದಕ್ಕೂ ಮೊದಲು, 1948ರಲ್ಲಿಯೇ, ಅಮೆರಿಕದ ವೈನೋ ಹೊಲೊಪೈನೆನ್ ಮತ್ತು ರಾಯ್ ಹ್ಯಾಂಡಿ ಎಂಬಿಬ್ಬರು ಹೈಡ್ರಾಲಿಕ್ ಬ್ಯಾಕ್‌ಹೋವನ್ನು ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಜೋಡಿಸಿ ಮಾರಿದ್ದರು. 1957ರಲ್ಲಿ ಕೇಸ್ ಕಂಪನಿಯು ಟ್ರ್ಯಾಕ್ಟರ್, ಲೋಡರ್, ಬ್ಯಾಕ್‌ಹೋ ಮೂರನ್ನೂ ಕಾರ್ಖಾನೆಯಲ್ಲಿಯೇ ಒಂದಾಗಿ ನಿರ್ಮಿಸಿತು.

ಈ ನಡೆಯಲ್ಲೊಂದು ಪಾಠವಿದೆ. ಟ್ರ್ಯಾಕ್ಟರು ಮೂಲತಃ ನೇಗಿಲೆಳೆಯಲು ಹುಟ್ಟಿದ್ದು. ಅಗೆತದ ಸೆಳೆತ ಬೇರೆಯೇ. ಹಿಂದಿನ ಮೂರು ಕೊಂಡಿಗಳಿಗಷ್ಟೇ ಸಿಕ್ಕಿಸಿದ ಬ್ಯಾಕ್‌ಹೋ ಮೇಲಕ್ಕೆ ಮಡಚಿ ಚಾಲಕನನ್ನೇ ಜಜ್ಜಬಹುದು. ಆದುದರಿಂದ ಟ್ರ್ಯಾಕ್ಟರಿನ ಅಡಿಯುದ್ದಕ್ಕೂ ಬಿಗಿದ ಉಕ್ಕಿನ ಚೌಕಟ್ಟಿರುವುದನ್ನೇ ಕೊಳ್ಳಬೇಕು. ಆ ಚೌಕಟ್ಟು ನಿನ್ನ ಮಾದರಿಗೆ ಹೊಂದುವುದೇ ಎಂದು ಮೊದಲು ನೋಡಬೇಕು. ಅಗೆಯುವ ಮುನ್ನ ಎರಡೂ ಪಕ್ಕದ ಊರುಗಾಲುಗಳನ್ನು ಗಟ್ಟಿ ನೆಲಕ್ಕೆ ಊರಬೇಕು. ಬಕೆಟ್ಟು ತಿರುಗುವಷ್ಟು ದೂರದಲ್ಲಿ ಯಾರೂ ನಿಲ್ಲಬಾರದು.

"ಅಗ್ಗದ್ದು ಬೇಡವೆಂದಿರಾ?" ಎಂದ. "ನಿನ್ನ ಬೆನ್ನಿಗಿಂತ ಅಗ್ಗವೇನಪ್ಪ ಆ ಚೌಕಟ್ಟು?" ಎಂದೆ.